ಕೈತೂಕ

ಬ್ಯಾಗು ಒಂಬತ್ತು ಕಿಲೋ ಇತ್ತು. ನಿನ್ನೆ ಸಂಜೆ ಅವನೇ ಅದನ್ನು ಎತ್ತಿ, ಕಣ್ಣು ಮುಚ್ಚಿ, ಮೊಣಕೈಯನ್ನು ಎರಡು ಸಲ ಸಣ್ಣಗೆ ಕುಲುಕಿ, 'ಒಂಬತ್ತು' ಎಂದು ಘೋಷಿಸಿದ್ದ. ಮಗಳು 'ಹತ್ತರ ಒಳಗಿದೆಯಲ್ಲ, ಸಾಕು' ಎಂದು ಜಿಪ್ ಎಳೆದು ಬ್ಯಾಗನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ್ದಳು. ಬೆಳಗ್ಗೆ ಏಳಕ್ಕೆ ಅವನು ಅದರ ಎದುರಿನ ಕುರ್ಚಿಯಲ್ಲಿ ಚಹಾದ ಲೋಟ ಹಿಡಿದು, ಮನೆಗೆ ಬಂದ ಅಪರಿಚಿತನನ್ನು ನೋಡುವಂತೆ ಅದನ್ನು ನೋಡುತ್ತಾ ಕೂತಿದ್ದ. ಇಡೀ ಒಂದು ವರ್ಷದ ಹಾಸ್ಟೆಲ್ ವಾಸಕ್ಕೆ ಒಂಬತ್ತು ಕಿಲೋ! ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಅವನು ಮಾಡಿಕೊಂಡು ಬಂದ ಕೆಲಸವೆಂದರೆ ಜನರ ಗಂಟುಮೂಟೆ ಎತ್ತಿ ನೋಡಿ 'ಜಾಸ್ತಿಯಾಯ್ತು, ಏನಾದರೂ ತೆಗೀರಿ' ಎನ್ನುವುದು. ಎರಡು ದಿನದ ಮದುವೆಗೆ ಹೊರಟವರು ಮೂವತ್ತು ಕಿಲೋ ಹೊತ್ತು ತಂದು, ಒಂದು ಟವಲು ತೆಗೆಯಬೇಕಾಗಿ ಬಂದರೆ ಆಸ್ತಿ ಪಾಲಾದವರಂತೆ ಮುಖ ಮಾಡುತ್ತಿದ್ದರು. ಅಂಥವರನ್ನು ಕಂಡು ಇಪ್ಪತ್ತಾರು ವರ್ಷ ನಕ್ಕವನಿಗೆ ಈಗ ತನ್ನ ಮನೆಯಲ್ಲೇ ಒಂದು ಬ್ಯಾಗು ಇಷ್ಟು ಹಗುರಾಗಿ ನಿಂತಿದ್ದು ಸಹಿಸಲಾಗುತ್ತಿರಲಿಲ್ಲ. ಮಗಳು ಬೇರೇನೂ ಒಯ್ಯದಿದ್ದರೂ ಚಿಂತೆಯಿಲ್ಲ. ಅವನಿಗೆ ಬೇಕಾಗಿದ್ದು ಇಷ್ಟೇ: ಆ ಒಂಬತ್ತು ಕಿಲೋದಲ್ಲಿ ನೂರು ಗ್ರಾಂ ಆದರೂ ತಾನಿರಬೇಕು.

ಅವನು ಪ್ರಯತ್ನ ಪಡಲಿಲ್ಲವೆಂದಲ್ಲ. ಒಂದು ವಾರದಿಂದ ಕಳ್ಳಸಾಗಣೆ ನಡೆದೇ ಇತ್ತು. ಮೊದಲ ದಿನ ಬಟ್ಟೆಗಳ ನಡುವೆ ಕೊಡೆ ತುರುಕಿದ. ಎರಡನೆಯ ದಿನ ಟಾರ್ಚು. ಮೂರನೆಯ ದಿನ ಹತ್ತು ಮಾರು ಹಗ್ಗ. ಹಗ್ಗ ಯಾಕೆಂದರೆ, ಪಾರ್ಸೆಲ್ ಆಫೀಸಿನಲ್ಲಿ ಅಷ್ಟು ವರ್ಷ ಕಳೆದವನಿಗೆ ಹಗ್ಗವಿಲ್ಲದೆ ಮನುಷ್ಯ ಮನೆಯಿಂದ ಹೊರಬೀಳುವುದೇ ತಪ್ಪು ಎಂಬ ನಂಬಿಕೆ. ಮಗಳ ಲೆಕ್ಕಾಚಾರ ಬೇರೆ. ಹಾಸ್ಟೆಲಿನ ಕೋಣೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಕಪಾಟು ಒಂದೂವರೆ ಅಡಿ ಅಗಲ. ಅಲ್ಲಿ ಸಿಗುವುದನ್ನು ಇಲ್ಲಿಂದ ಹೊರಬಾರದು, ಇಲ್ಲದೆ ನಡೆಯುವುದನ್ನು ಎಲ್ಲಿಂದಲೂ ಹೊರಬಾರದು. 'ನಾನೇ ಹೋಗ್ತೀನಿ, ಇಬ್ಬರೂ ಬರಬೇಡಿ, ಹೊತ್ತುಕೊಂಡು ಹತ್ತಬೇಕಾದವಳು ನಾನು' ಎಂದು ಹೇಳಿಬಿಟ್ಟಿದ್ದಳು. ಪ್ರತಿ ಬೆಳಗ್ಗೆ ಕೊಡೆ, ಟಾರ್ಚು, ಹಗ್ಗ ಒಂದೊಂದಾಗಿ ಅವನ ದಿಂಬಿನ ಪಕ್ಕ ಮರಳಿ ಬಂದು ಮಲಗಿರುತ್ತಿದ್ದವು. ಪ್ರತಿಯೊಂದಕ್ಕೂ ಅವನದೇ ಆಫೀಸಿನ ಹಳದಿ ಚೀಟಿ ಅಂಟಿಸಿ, ಅವನದೇ ಅಕ್ಷರವನ್ನು ಅಣಕಿಸಿ ಬರೆದಿರುತ್ತಿದ್ದಳು: 'ವಿಳಾಸದಾರರು ಸ್ವೀಕರಿಸದ ಕಾರಣ ಹಿಂತಿರುಗಿಸಲಾಗಿದೆ.' ಹೆಂಡತಿ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆದರೆ ಆಮೇಲೆ ಸ್ನಾನದ ಮನೆಯಲ್ಲಿ ಹಲ್ಲುಜ್ಜುತ್ತಾ ಆ ವಾಕ್ಯ ನೆನಪಾಗಿ ಕೈ ನಿಂತಿತು. ಸ್ವೀಕರಿಸದ ಕಾರಣ. ಎಷ್ಟು ಸಾವಿರ ಪಾರ್ಸೆಲ್ಲುಗಳ ಮೇಲೆ ಅವನು ಅದನ್ನು ಒಂದಿಷ್ಟೂ ಯೋಚಿಸದೆ ಬರೆದಿದ್ದ. ವಾಪಸ್ ಪಡೆದವರು ಹೀಗೆ ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

"ಮೂಗಿಗಿಂತ ಮೂಗುತಿ ಭಾರ ಆಯ್ತು ನಿಮ್ಮದು," ಎಂದಿದ್ದಳು ಹೆಂಡತಿ. "ಓದೋಕೆ ಹೋಗ್ತಿದಾಳೆ, ಬಾವಿ ತೋಡೋಕಲ್ಲ. ಅವಳಿಗೆ ಏನಾದ್ರೂ ಮಾಡಲೇಬೇಕು ಅನ್ನೋದಿದ್ರೆ ಆ ಕಿಟಕಿಗೆ ಒಂದು ಕೊಕ್ಕೆ ಹಾಕ್ಸಿ. ಅವಳು ಹತ್ತು ವರ್ಷದವಳಿದ್ದಾಗ ಹಾಕಿಸ್ತೀನಿ ಅಂದಿದ್ರಿ." ಹಾಲಿನ ಕಿಟಕಿಯ ಎಡಗಡೆಯ ಬಾಗಿಲಿಗೆ ಕೊಕ್ಕೆ ಮುರಿದು ಎಂಟು ವರ್ಷವಾಗಿತ್ತು. ಆಗ ಆಫೀಸಿಗೆ ವಿದ್ಯುತ್ ತೂಕದ ಯಂತ್ರ ಬಂದು, ಹಳೆಯ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಗುಜರಿಗೆ ಹಾಕುವಾಗ ಅವನು ಅರ್ಧ ಕಿಲೋದ ಒಂದು ಕಲ್ಲನ್ನು ಮನೆಗೆ ತಂದಿದ್ದ. ಹೆಸರಿಗೆ ಕಲ್ಲು, ಇರುವುದು ಕಬ್ಬಿಣ. ಅಂಚು ಸವೆದು, ನೆತ್ತಿಯ ಮೇಲಿನ ಅಂಕಿ ಅಳಿಸಿಹೋಗಿ, ಮುಟ್ಟಿದರೆ ಯಾವ ಕಾಲದಲ್ಲೂ ತಣ್ಣಗೆ. ತಂದ ದಿನವೇ ಅದು ಕಿಟಕಿಯ ಬಾಗಿಲು ಬಡಿಯದಂತೆ ತಡೆಯುವ ಕೆಲಸಕ್ಕೆ ಸೇರಿಕೊಂಡಿತು. ಅಲ್ಲಿಂದ ಕೊಕ್ಕೆಯ ಮಾತು ನಾಳೆ ನಾಡಿದ್ದಕ್ಕೆ ಹೋಯಿತು. ಮಗಳು ಚಿಕ್ಕವಳಿದ್ದಾಗ ಅದಕ್ಕೆ ಕರವಸ್ತ್ರ ಸುತ್ತಿ ಮಲಗಿಸುತ್ತಿದ್ದಳು. ಈಗ ಅದರತ್ತ ನೋಡುವವರೇ ಇಲ್ಲ. ಪಾಪ, ಅದೂ ಅವನ ಹಾಗೆಯೇ, ಕೆಲಸ ಹೋದ ಮೇಲೂ ಕೆಲಸಕ್ಕೆ ಹಾಜರು.

ಅವನ ಕೆಲಸ ಹೋಗಿರಲಿಲ್ಲ, ನಿಜ. ಹೋದದ್ದು ಅವನ ಕೈಯ ಕೆಲಸ. ಯಂತ್ರ ಬಂದ ಮೇಲೂ ಅವನು ಪ್ರತಿ ಪಾರ್ಸೆಲ್ಲನ್ನು ಮೊದಲು ಕೈಯಲ್ಲಿ ಎತ್ತಿ ತೂಕ ಹೇಳುತ್ತಿದ್ದ, ಆಮೇಲೆ ಯಂತ್ರದ ಮೇಲೆ ಇಡುತ್ತಿದ್ದ, ಕೆಂಪು ಅಂಕಿ ಅವನ ಮಾತನ್ನು ಒಪ್ಪಿಕೊಳ್ಳುತ್ತಿತ್ತು. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದ್ದೂ ಉಂಟು. ಆಫೀಸಿನಲ್ಲಿ ಅವನ ಹೆಸರೇ ತಕ್ಕಡಿ. ಮಗಳು ಹುಟ್ಟಿದಾಗ ನರ್ಸು ಎರಡೂವರೆ ಕಿಲೋ ಎಂದು ಬರೆದುಕೊಂಡಳು. ಅವನು ಕೂಸನ್ನು ಅಂಗೈಗೆ ತೆಗೆದುಕೊಂಡು 'ಇಲ್ಲ ಸಿಸ್ಟರ್, ಎರಡೂಕಾಲು' ಎಂದ. ನರ್ಸು ಸಿಟ್ಟಿನಿಂದ ಮತ್ತೆ ತೂಗಿದಳು. ಮೊದಲ ಸಲ ತೂಗುವಾಗ ಟವಲು ಸೇರಿಕೊಂಡಿತ್ತು. ಎರಡೂಕಾಲು ಎಂಬುದೇ ಮಗಳ ಮನೆಯ ಹೆಸರಾಯಿತು. ಅಂಥ ಕೈ! ಆ ಕೈ ಮೂರು ವಾರದ ಹಿಂದೆ ಒಂದು ಬಟ್ಟೆಯ ಗಂಟನ್ನು ಎತ್ತಿ 'ಹದಿನಾಲ್ಕು' ಎಂದಿತು, ಯಂತ್ರ ಹನ್ನೆರಡು ಕಿಲೋ ಏಳುನೂರು ಎಂದಿತು. ಒಂದು ಕಿಲೋ ಮುನ್ನೂರು ಗ್ರಾಂ ತಪ್ಪು. ಗಂಟಿನ ಒಡತಿ, ಪಾನ್ ಜಗಿಯುತ್ತಿದ್ದ ದಪ್ಪ ಹೆಂಗಸು, 'ಪಾಪ, ಸುಸ್ತಾಗಿರಬೇಕು' ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಅಧಿಕಾರಿ ಅವನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, 'ಇನ್ನು ಮೇಲೆ ಸುಮ್ಮನೆ ಮಷೀನ್ ಮೇಲೆ ಇಟ್ಟುಬಿಡಿ, ಕೈಗೆ ಯಾಕೆ ಕಷ್ಟ' ಎಂದ. ಕುರ್ಚಿ ಕೊಟ್ಟಿದ್ದು ಎಲ್ಲಕ್ಕಿಂತ ನೋಯಿಸಿತು. ಅವನು ಮನೆಯಲ್ಲಿ ಹೇಳಲಿಲ್ಲ. ಯಾರೂ ಇಲ್ಲದಾಗ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ, ಇಸ್ತ್ರಿ ಪೆಟ್ಟಿಗೆ, ನೀರಿನ ಕೊಡ ಎತ್ತಿ ಎತ್ತಿ ನೋಡುತ್ತಿದ್ದ, ಆದರೆ ಸರಿಯೋ ತಪ್ಪೋ ಹೇಳಲು ಮನೆಯಲ್ಲಿ ತಕ್ಕಡಿಯೇ ಇರಲಿಲ್ಲ. ತಕ್ಕಡಿಯ ಮನೆಯಲ್ಲಿ ತಕ್ಕಡಿ ಯಾಕೆ?

ಮಗಳು ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದು, "ಅಪ್ಪಾ, ಅದನ್ನು ಹಾಗೆ ನೋಡ್ಬೇಡ, ಓಡಿಹೋಗಲ್ಲ," ಎಂದಳು.

"ಒಂದು ಸ್ವೆಟರ್ ಸಾಕಾ ಅಂತ ಯೋಚ್ನೆ ಮಾಡ್ತಿದ್ದೆ."

"ಇದೇ ಯೋಚ್ನೆ ನಿನ್ನೆನೂ ಮಾಡಿದ್ದೆ. ಆ ಕಡೆ ತಿರುಗಿ ಕೂತು ಚಹಾ ಕುಡಿ ನೋಡೋಣ." ಅವನ ಭುಜ ಹಿಡಿದು ಕುರ್ಚಿಯನ್ನು ಅಡುಗೆಮನೆಯ ಕಡೆಗೆ ತಿರುಗಿಸಿಯೇಬಿಟ್ಟಳು. ಬೆನ್ನ ಹಿಂದೆ ಅವಳು ಅತ್ತಿತ್ತ ಓಡಾಡುವುದು, ಜಿಪ್ ಎಳೆಯುವುದು ಕೇಳಿಸಿತು. ಬಾಚಣಿಗೆ ಇಟ್ಟುಕೊಂಡಳೋ ಏನೋ. ತಿರುಗಿ ನೋಡಬೇಕೆನಿಸಿದರೂ ನೋಡಲಿಲ್ಲ. ಅವಳು ಭುಜ ಮುಟ್ಟಿದ್ದು ಎಷ್ಟು ದಿನದ ಮೇಲೆ ಎಂದು ಎಣಿಸುತ್ತಿದ್ದ. ಹನ್ನೆರಡು ತುಂಬುವ ತನಕ ಪ್ರತಿ ಹುಟ್ಟುಹಬ್ಬಕ್ಕೆ ಅವಳನ್ನು ಎತ್ತಿ ತೂಕ ಹೇಳುವುದು ಮನೆಯ ರೂಢಿಯಾಗಿತ್ತು. ಅವಳೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದಳು, ಅವನು ಕಂಕುಳಿಗೆ ಕೈ ಕೊಟ್ಟು ಎತ್ತಿ, ಕಣ್ಣು ಮುಚ್ಚಿ, ಅಂಕಿ ಸಾರುತ್ತಿದ್ದ, ಅವಳು ಕೇಕೆ ಹಾಕುತ್ತಿದ್ದಳು. ಹನ್ನೆರಡನೆಯದಕ್ಕೆ ಶಾಲೆಯ ಗೆಳತಿಯರು ಬಂದಿದ್ದರು. ಅವರ ಎದುರು ಅವನು ಎಂದಿನಂತೆ ಎತ್ತಿ, ಎಂದಿಗಿಂತ ಸ್ವಲ್ಪ ಜೋರಾಗಿಯೇ, 'ಮೂವತ್ತೆಂಟೂವರೆ!' ಎಂದು ಕೂಗಿದ. ಹುಡುಗಿಯರು ನಕ್ಕರು. ಮಗಳು ನಗಲಿಲ್ಲ. ಕೆಳಗಿಳಿದವಳೇ ಫ್ರಾಕಿನ ಜೇಬಿಗೆ ಕೈ ಹಾಕಿಕೊಂಡು ಒಳಗೆ ಹೋದಳು, ಕೇಕ್ ಕತ್ತರಿಸಲು ಅಮ್ಮ ಹೋಗಿ ಕರೆತರಬೇಕಾಯಿತು. ಆ ವರ್ಷವಿಡೀ ಶಾಲೆಯಲ್ಲಿ ಅವಳಿಗೆ 'ಮೂವತ್ತೆಂಟೂವರೆ' ಎಂಬ ಹೆಸರು ಅಂಟಿಕೊಂಡಿತ್ತೆಂದು ಮುಂದೆ ಹೆಂಡತಿಯಿಂದ ತಿಳಿಯಿತು. ಹದಿಮೂರನೆಯ ಹುಟ್ಟುಹಬ್ಬದಂದು ಅವನು ಕೈ ಚಾಚಿದಾಗ, ಮಗಳು 'ಬೇಡ' ಎಂದು ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ತಪ್ಪಾಯಿತು ಎನ್ನಲು ಅವನು ಸಮಯ ಕಾದ. ಕಾಯುತ್ತಾ, ಆ ಕೂಗಿದ ದಿನಕ್ಕೆ ಆರು ವರ್ಷವಾಯಿತು. ಇಂಥ ಮಾತಿಗೆ ಸಮಯ ತಾನಾಗಿ ಬರುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು, ಕಿಟಕಿಯ ಕೊಕ್ಕೆ ತಾನಾಗಿ ಬರುವುದಿಲ್ಲವೆಂಬುದು ಗೊತ್ತಿದ್ದ ಹಾಗೆಯೇ.

ಹೆಂಡತಿ ಬಾಗಿಲಲ್ಲೇ ಮಗಳನ್ನು ಬೀಳ್ಕೊಟ್ಟಳು. ಅವಳು ಶಿಶುವಿಹಾರದಲ್ಲಿ ಟೀಚರು, ಆ ದಿನವೇ ಹೊಸ ಮಕ್ಕಳು ಬರುವ ದಿನ. ಮೂವತ್ತು ಮಕ್ಕಳ ಅಳು ಕೇಳಬೇಕಾಗಿದ್ದರಿಂದ ತನ್ನದನ್ನು ಮನೆಯಲ್ಲೇ ಮುಗಿಸಿ ಮುಖ ತೊಳೆದುಕೊಂಡಿದ್ದಳು. ಬ್ಯಾಗನ್ನು ಮಗಳೇ ಹೊತ್ತು ಮೆಟ್ಟಿಲಿಳಿದಳು. 'ಕೊಡು' ಎಂದರೆ 'ಅಭ್ಯಾಸ ಆಗ್ಲಿ' ಎಂದಳು. ಅವನು ಬರಿಗೈಯಲ್ಲಿ ಅವಳ ಹಿಂದೆ ನಡೆದ. ರಸ್ತೆಯಲ್ಲಿ ಪರಿಚಯದ ದರ್ಜಿಯೊಬ್ಬ ಅಂಗಡಿ ತೆಗೆಯುತ್ತಾ ಇವರಿಬ್ಬರನ್ನು ನೋಡಿದ. ಎಳೆಯ ಹುಡುಗಿ ಹೊರೆ ಹೊತ್ತು ಮುಂದೆ, ಗಂಡಸು ಕೈ ಬೀಸಿಕೊಂಡು ಹಿಂದೆ. ದರ್ಜಿಯ ಕಣ್ಣು ತಪ್ಪಿಸಿ ಅವನು ಸುಮ್ಮನೆ ಜೇಬು ತಡಕಿ ಏನೋ ಹುಡುಕುವವನಂತೆ ನಟಿಸಿದ.

ನಿಲ್ದಾಣದಲ್ಲಿ ಬಸ್ಸು ನಿಂತಿತ್ತು, ಹೊರಡಲು ಇನ್ನೂ ಇಪ್ಪತ್ತು ನಿಮಿಷ. ಪಾರ್ಸೆಲ್ ಕೌಂಟರಿನ ಮುಂದೆ ಹಾದುಹೋಗುವಾಗ ಮಗಳು ನಿಂತಳು. ಒಳಗೆ ಆ ಯಂತ್ರ ಕೆಂಪು ಸೊನ್ನೆ ತೋರಿಸುತ್ತಾ ಬಾಯಿ ತೆರೆದುಕೊಂಡು ಕೂತಿತ್ತು.

"ಅಪ್ಪಾ, ಬ್ಯಾಗನ್ನ ಒಂದ್ಸಲ ಇದರ ಮೇಲೆ ಇಡೋಣ್ವಾ?"

ನಿನ್ನೆ ತಾನು ಒಂಬತ್ತು ಎಂದದ್ದಕ್ಕೆ ಇದು ಹನ್ನೊಂದು ಎಂದರೆ? ಏಳು ಎಂದರೆ? ಮಗಳು ಊರು ಬಿಟ್ಟು ಹೋಗುವಾಗ ಅಪ್ಪನ ಬಗ್ಗೆ ಕೊನೆಯದಾಗಿ ತಿಳಿದುಕೊಂಡು ಹೋಗುವುದು ಇದೇ ಆಗುತ್ತದೆ. "ಬೇಡ ಬಿಡು. ಅದು ಪಾರ್ಸೆಲ್ಲಿಗೆ ಇರೋದು. ಸ್ವಂತಕ್ಕೆ ಬಳಸಬಾರದು," ಎಂದ. ಅದೇ ಯಂತ್ರದ ಮೇಲೆ ಅವನು ಸಹೋದ್ಯೋಗಿಗಳ ಕಲ್ಲಂಗಡಿ, ಒಬ್ಬನ ಮೊಮ್ಮಗನನ್ನು ತೂಗಿದ್ದು, ತಿಂಗಳಿಗೆರಡು ಸಲ ತನ್ನನ್ನೇ ತೂಗಿಕೊಂಡದ್ದು ಇಡೀ ನಿಲ್ದಾಣಕ್ಕೆ ಗೊತ್ತು.

"ಹಾಗಾದ್ರೆ ಕೈಯಲ್ಲೇ ಹೇಳು," ಎಂದು ಮಗಳು ಬ್ಯಾಗನ್ನು ಅವನ ಮುಂದೆ ಇಟ್ಟಳು. ಅವಳ ಮುಖದಲ್ಲಿ ಒಂದು ತುಂಟತನವಿತ್ತು, ಅಥವಾ ಬಿಸಿಲಿತ್ತು. ಅವನು ಸರಿಯಾಗಿ ನೋಡಲಿಲ್ಲ. ಬಗ್ಗಿ ಬ್ಯಾಗಿನ ಹಿಡಿ ಹಿಡಿದು ಎತ್ತಿದ. ಕಣ್ಣು ಮುಚ್ಚಿದ. ಮೊಣಕೈ ಕುಲುಕುವ ಮೊದಲೇ ಕೈ ಹೇಳಿತು: ಒಂಬತ್ತೂವರೆ. ಯಾವ ಅನುಮಾನವೂ ಇಲ್ಲದೆ, ಹಳೆಯ ದಿನಗಳಲ್ಲಿ ಹೇಳುತ್ತಿದ್ದಂತೆ ಹೇಳಿತು. ಆದರೆ ನಿನ್ನೆ ಇದೇ ಕೈ ಒಂಬತ್ತು ಎಂದಿತ್ತಲ್ಲ? ಒಂದು ಬಾಚಣಿಗೆ ಅರ್ಧ ಕಿಲೋ ತೂಗುತ್ತದೆಯೇ? ಆಯಿತು, ಹೋಯಿತು, ಕೈ ನಿಜವಾಗಿಯೂ ಹೋಯಿತು. ರಾತ್ರಿಯಿಂದ ಬೆಳಗಾಗುವುದರೊಳಗೆ ಅರ್ಧ ಕಿಲೋ ಸುಳ್ಳು ಹೇಳುವ ಕೈ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ಬ್ಯಾಗು ಕೆಳಗಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಒಂಬತ್ತು."

"ಸರಿಯಾಗಿ ನೋಡಿ ಹೇಳು."

"ಒಂಬತ್ತೇ. ನಿನ್ನೆ ಒಂಬತ್ತಿದ್ದದ್ದು ಇವತ್ತೇನು ಮರಿ ಹಾಕತ್ತಾ?"

ಮಗಳು ಅವನನ್ನು ಒಂದು ಕ್ಷಣ ನೋಡಿದಳು. "ಸರಿ," ಎಂದಳು, ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದಳು. ಅವನು ಕಿಟಕಿಯ ಕೆಳಗೆ ನಿಂತು ನೀರು ಕುಡಿ, ಫೋನ್ ಮಾಡು, ಕಿಟಕಿಯಿಂದ ಕೈ ಹೊರಗೆ ಹಾಕಬೇಡ ಎಂದು ಅವಳು ಆರು ವರ್ಷದವಳಿದ್ದಾಗ ಹೇಳುತ್ತಿದ್ದುದನ್ನೆಲ್ಲ ಹೇಳಿದ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ಬಸ್ಸು ತಿರುಗಿದಾಗ ಗಾಜಿನ ಮೇಲೆ ಬಿಸಿಲು ಬಿದ್ದು ಒಳಗಿನವರು ಕಾಣಿಸದಾದರು. ಅವನು ಅಂದಾಜಿನ ಮೇಲೆ ಜೋರಾಗಿ ಕೈ ಬೀಸಿದ. ಬಸ್ಸು ನೆರಳಿಗೆ ಬಂದಾಗ ನೋಡಿದರೆ ಬೇರೆ ಯಾವುದೋ ಕಿಟಕಿಯಿಂದ ಒಬ್ಬ ಮುದುಕ ಬಹಳ ಮರ್ಯಾದೆಯಿಂದ ಅವನಿಗೆ ಮರಳಿ ಕೈ ಬೀಸುತ್ತಿದ್ದ.

ಆ ಬೆಳಗ್ಗೆ ಅವನು ಯಾವ ಪಾರ್ಸೆಲ್ಲನ್ನೂ ಕೈಯಲ್ಲಿ ಎತ್ತಿ ನೋಡಲಿಲ್ಲ. ಯಂತ್ರದ ಮೇಲೆ ತಳ್ಳಿದ, ಅಂಕಿ ಬರೆದ, ಚೀಟಿ ಹರಿದ. 'ಏನು ತಕ್ಕಡಿ, ಇವತ್ತು ಮೌನವ್ರತವಾ?' ಎಂದು ಪಕ್ಕದ ಕೌಂಟರಿನವನು ರೇಗಿಸಿದಾಗ, 'ಮಗಳನ್ನು ಕಳಿಸಿ ಬಂದೆ' ಎಂದ. ಅದು ಪೂರ್ತಿ ಸುಳ್ಳೇನಲ್ಲ. ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ಬಂದರೆ ಮೆಟ್ಟಿಲ ತನಕ ಒಂದು ಸದ್ದು ಕೇಳಿಸುತ್ತಿತ್ತು. ಹಾಲಿನ ಕಿಟಕಿಯ ಬಾಗಿಲು ಗಾಳಿಗೆ ತೆರೆದುಕೊಂಡು, ಯೋಚನೆ ಮಾಡಿ, ಮತ್ತೆ ಬಂದು ಬಡಿಯುತ್ತಿತ್ತು. ಆಗಷ್ಟೇ ಶಿಶುವಿಹಾರದಿಂದ ಬಂದಿದ್ದ ಹೆಂಡತಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳು.

"ಬೆಳಗ್ಗೆಯಿಂದ ಅಳು ಕೇಳಿ ಕೇಳಿ ತಲೆ ಸಿಡೀತಿದೆ, ಈಗ ಇದು ಬೇರೆ. ಕಲ್ಲು ಎಲ್ಲಿಟ್ರಿ?"

"ಯಾವ ಕಲ್ಲು? ನಾನ್ಯಾಕೆ ಮುಟ್ಲಿ?"

"ಕೊಡೆ ಆಯ್ತು, ಟಾರ್ಚ್ ಆಯ್ತು, ಹಗ್ಗ ಆಯ್ತು. ಇನ್ನು ಕಲ್ಲನ್ನೂ ಆ ಹುಡುಗಿಯ ಬ್ಯಾಗಿಗೆ ತುರುಕಿದ್ರಾ?"

ಅವನು ನಗಲು ಬಾಯಿ ತೆರೆದ. ನಗು ಅಲ್ಲೇ ನಿಂತಿತು. ಕಿಟಕಿಯ ಹಲಗೆಯ ಮೇಲೆ ಎಂಟು ವರ್ಷದ ಒಂದು ದುಂಡನೆಯ ಗುರುತಿತ್ತು, ಕಲ್ಲು ಇರಲಿಲ್ಲ. ಕುರ್ಚಿಯ ಕೆಳಗೆ, ಸೋಫಾದ ಹಿಂದೆ, ಎಲ್ಲೂ ಇರಲಿಲ್ಲ. ಅವನು ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು, ಕಳೆದುಹೋಗಿ ಸಿಕ್ಕ ಮಗುವನ್ನು ನೋಡುವಂತೆ ನೋಡಿದ. ಬೆಳಗ್ಗೆ ಭುಜ ಹಿಡಿದು ಕುರ್ಚಿ ತಿರುಗಿಸಿದ್ದು ಯಾಕೆಂದು ಈಗ ತಿಳಿಯಿತು. ಮಷೀನಿನ ಮೇಲೆ ಇಡೋಣ ಎಂದದ್ದು, ಸರಿಯಾಗಿ ನೋಡಿ ಹೇಳು ಎಂದದ್ದು, ಎಲ್ಲ ತಿಳಿಯಿತು. ಸ್ವೆಟರು ಎರಡು ಬೇಡವೆಂದವಳು, ಪುಸ್ತಕಗಳನ್ನೇ ಬಿಟ್ಟು ಹೋದವಳು, ತೂಕ ಬಿಟ್ಟರೆ ಬೇರೇನೂ ಇಲ್ಲದ ಒಂದು ಕಬ್ಬಿಣದ ಗಟ್ಟಿಯನ್ನು ಹೊತ್ತುಕೊಂಡು ಹೋಗಿದ್ದಳು. ಅವನಿಗೆ ಮೈ ಜುಮ್ಮೆಂದಿತು, ಮರುಕ್ಷಣವೇ ನಾಚಿಕೆಯಾಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಜಗತ್ತಿನಲ್ಲಿ ಅವನಿಗೊಬ್ಬನಿಗೇ ಉತ್ತರ ಗೊತ್ತಿದ್ದ ಪ್ರಶ್ನೆ; ಅವನು ಉತ್ತರ ಗೊತ್ತಿದ್ದೂ ತಪ್ಪು ಹೇಳಿ ಬಂದಿದ್ದ.

ಫೋನು ಬಹಳ ಹೊತ್ತು ಹೊಡೆದುಕೊಂಡಿತು.

"ಹಾಂ ಅಪ್ಪಾ, ಈಗಷ್ಟೇ ಬಂದೆ. ಮೂರು ಮಹಡಿ ಅಂದ್ರೆ ನಿಜವಾಗ್ಲೂ ಮೂರೇ. ಅಮ್ಮಂಗೆ ಹೇಳು—"

"ಒಂಬತ್ತೂವರೆ," ಎಂದ.

ಆ ಕಡೆಯಿಂದ ಯಾರೋ ಹುಡುಗಿಯರು ಬಕೆಟ್ ಎಳೆದುಕೊಂಡು ಹೋಗುವ ಸದ್ದು ಬಂತು.

"ಕಿಟಕಿ ಬಡಿಯೋದು ನೋಡಿ ಹೇಳ್ತಿದ್ದೀಯ. ಇದು ಲೆಕ್ಕಕ್ಕಿಲ್ಲ."

"ಇಲ್ಲ ಮಗಾ. ಬಸ್ ಸ್ಟ್ಯಾಂಡಲ್ಲೇ ಕೈ ಹೇಳ್ತು. ನಾನೇ ನಂಬ್ಲಿಲ್ಲ." ಆಮೇಲೆ ಅವನು ಮೂರು ವಾರದ ಹಿಂದಿನ ಗಂಟು, ಹದಿನಾಲ್ಕು, ಅಧಿಕಾರಿ ಕೊಟ್ಟ ಕುರ್ಚಿ ಎಲ್ಲವನ್ನೂ ಹೇಳಿದ. ಹೆಂಡತಿ ಕಿವಿಯಿಂದ ಬೆರಳು ತೆಗೆದು ಕೇಳುತ್ತಿರುವುದು ಕಂಡರೂ ನಿಲ್ಲಿಸಲಿಲ್ಲ.

"ಒಂದ್ಸಲ ತಪ್ಪಿದ್ದಕ್ಕಾ?" ಮಗಳ ದನಿ ಏರಿತು. "ಇಡೀ ದಾರಿ ನಾನು ಅಳ್ತಾ ಬಂದೆ, ಗೊತ್ತಾ? ಅಪ್ಪಂಗೆ ಅರ್ಧ ಕಿಲೋನೂ ಗೊತ್ತಾಗ್ಲಿಲ್ಲ, ಅಪ್ಪಂಗೆ ವಯಸ್ಸಾಗಿಬಿಡ್ತು ಅಂತ. ಪಕ್ಕದ ಸೀಟಿನವರು ನನಗೆ ಬಿಸ್ಕೆಟ್ ಕೊಟ್ರು."

ಸಮಯ ತಾನಾಗಿ ಬರುವುದಿಲ್ಲ ಎಂದುಕೊಂಡಿದ್ದನಲ್ಲ, ಬಂದು ಎದುರಿಗೇ ನಿಂತಿತ್ತು. "ಇನ್ನೊಂದು ಹೇಳ್ಬೇಕು," ಎಂದ. "ಆ ಮೂವತ್ತೆಂಟೂವರೆ. ಎಲ್ಲರ ಎದುರು ಹಾಗೆ ಕೂಗಬಾರದಿತ್ತು ನಾನು. ತಪ್ಪಾಯ್ತು."

ಮತ್ತೆ ಬಕೆಟ್ಟಿನ ಸದ್ದು. ಆಮೇಲೆ ಮಗಳು ನಕ್ಕಳು, ಮೂಗು ಕಟ್ಟಿದ ನಗು. "ಅಪ್ಪಾ, ಮೂವತ್ತೆಂಟೇ."

"ಏನು?"

"ಅವತ್ತು ನನ್ನ ಫ್ರಾಕಿನ ಜೇಬಲ್ಲಿ ಈ ಕಲ್ಲಿತ್ತು. ಅದೇ ವಾರ ಸ್ಕೂಲಲ್ಲಿ ತೂಕ ನೋಡಿದ್ರು, ಸರಿಯಾಗಿ ಮೂವತ್ತೆಂಟು. ನೀನು ಮೂವತ್ತೆಂಟು ಅಂದ್ರೆ ಕಲ್ಲು ತೆಗೆದು ತೋರಿಸಿ, ಎಲ್ಲರ ಎದುರು ನಿನ್ನ ಮಾನ ತೆಗೀಬೇಕು ಅಂತ ನನ್ನ ಪ್ಲಾನು. ನೀನು ಅರ್ಧಾನೂ ಸೇರಿಸಿಯೇ ಹೇಳಿಬಿಟ್ಟೆ. ಅವರು ನಗೋಕೆ ಶುರು ಮಾಡಿದ್ರು. ನಂಗೆ ಕಲ್ಲು ಹೊರಗೆ ತೆಗೆಯೋಕೂ ಆಗ್ಲಿಲ್ಲ, ಇಟ್ಕೊಳ್ಳೋಕೂ ಆಗ್ಲಿಲ್ಲ."

"ಆರು ವರ್ಷ ಇದನ್ನ ಹೇಳಲೇ ಇಲ್ವಲ್ಲ ನೀನು!"

"ನೀನೂ ಆರು ವರ್ಷ ತಪ್ಪಾಯ್ತು ಅನ್ಲಿಲ್ಲ."

ಹೆಂಡತಿ, ಫೋನಿಗೆ ಕೇಳಿಸಲಿ ಎಂದೇ, "ಕೊಕ್ಕೆ ಹಾಕಿಸೋಕೆ ಹೇಳೇ ನಿಮ್ಮಪ್ಪಂಗೆ," ಎಂದು ಕೂಗಿದಳು.

"ಕೇಳಿಸ್ತಾ? ಹಾಕ್ಸು ಅಪ್ಪಾ. ಕಲ್ಲು ಇನ್ನು ಒಂದು ವರ್ಷ ವಾಪಸ್ ಬರಲ್ಲ."

"ಹಾಕಿಸ್ತೀನಿ," ಎಂದ ಅವನು. "ನಾಳೆ." ಗಾಳಿ ಮತ್ತೆ ಬೀಸಿತು. ಬಾಗಿಲು ಬಡಿಯುವ ಮೊದಲೇ ಅವನು ಬಲಗೈ ಚಾಚಿ ಹಿಡಿದುಕೊಂಡ, ಎಡಗೈಯಲ್ಲಿ ಫೋನು ಹಿಡಿದು, ಮಗಳು ಕೋಣೆಯ ಬಗ್ಗೆ ಹೇಳುವುದನ್ನೆಲ್ಲ ಕೇಳುತ್ತಾ ಅಲ್ಲೇ ನಿಂತ.